ಶಹಾಬಾದ್ ಕಲ್ಲಿಗೆ ಆ್ಯಸಿಡ್ ಬೇಡ

ಗಣಪತಿ ಹಬ್ಬ ಮುಗಿದು ದೀಪಾವಳಿ ಬರುವ ತನಕ ಪುಣೆಯ ಸೊಸೈಟಿಗಳ ಗೇಟಿನಲ್ಲಿ ಎರಡು ಬಗೆಯ ಕೆಲಸದವರು ಹೆಚ್ಚು ಕಾಣಿಸುತ್ತಾರೆ: ಬಣ್ಣ ಬಳಿಯುವವರು, ನೆಲ ಪಾಲಿಶ್ ಮಾಡುವವರು. ನಮ್ಮ ಕಟ್ಟಡ ಎಂಬತ್ತರ ದಶಕದ್ದು. ಹಾಲ್ ಮತ್ತು ಕೋಣೆಗಳಿಗೆ ಮೊಸಾಯಿಕ್ ಟೈಲ್ಸ್, ಅಡುಗೆಮನೆಗೂ ಹಿಂದಿನ ಬಾಲ್ಕನಿಗೂ ಶಹಾಬಾದ್ ಕಲ್ಲು. ಇಲ್ಲಿಯವರು ‘ಶಹಾಬಾದಿ ಫರಶಿ’ ಅಂತಾರೆ. ಹಾಗೆ ಹೇಳುವ ಎಷ್ಟೋ ಜನರಿಗೆ ಅದು ಕಲಬುರಗಿ ಜಿಲ್ಲೆಯ ಒಂದು ಊರಿನ ಹೆಸರು ಅಂತ ಗೊತ್ತಿಲ್ಲ. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇರುವ ಊರು. ಅಲ್ಲಿಯದು ಪದರ ಪದರವಾಗಿ ಏಳುವ ಸುಣ್ಣದಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಸೀಮೆಯ ಸುಣ್ಣದಕಲ್ಲಿನ ಮೇಲೆಯೇ.

ಸುಣ್ಣದಕಲ್ಲು ಅನ್ನುವುದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲು ನಾನು ಆ್ಯಪಿನಲ್ಲಿ ವಿಚಾರಿಸಿದೆ. ಟೀ ಶರ್ಟು, ಐಡಿ ಕಾರ್ಡು ಹಾಕಿಕೊಂಡ ಸೂಪರ್‌ವೈಸರ್ ಬಂದ. ಎಲ್ಲ ಕೋಣೆಗಳ ಫೋಟೋ ತೆಗೆದ, ಒಟ್ಟು ಚದರಡಿಗೆ ಒಂದೇ ರೇಟು ಹೇಳಿದ. ಅಡುಗೆಮನೆ ನೆಲಕ್ಕೆ ಏನು ಮಾಡ್ತೀರಿ ಅಂದರೆ, “ಆ್ಯಸಿಡ್ ವಾಶ್ ಸರ್, ಹೊಸದರ ಹಾಗೆ ಬರುತ್ತೆ” ಅಂದ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುಣ್ಣದಕಲ್ಲಿನ ಮೇಲೆ ಬಿದ್ದರೆ ಬುರಬುರ ನೊರೆ ಬರುತ್ತದೆ. ಕೊಳೆ ಹೋಗುತ್ತಿದೆ ಅಂತ ನಮಗೆ ಖುಷಿ. ಆದರೆ ಕರಗುತ್ತಿರುವುದು ಕಲ್ಲೇ. ಮೇಲ್ಮೈ ಒರಟಾಗಿ, ಬಿಳಿಚಿ, ಮುಂದೆ ಎಣ್ಣೆಜಿಡ್ಡನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಕೆಳಗಿನ ಮಹಡಿಯವರ ಅಡುಗೆಮನೆ ಹಾಗೇ ಆಗಿದೆ. ಸೂಪರ್‌ವೈಸರ್‌ನನ್ನು ಟೀ ಕೊಟ್ಟು ಕಳಿಸಿದೆ.

ಆಮೇಲೆ ಸಿಕ್ಕವರು ರಸ್ತೆಯಾಚೆಯ ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಮಿಸ್ತ್ರಿ. ಬಂದವರೇ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು, ಜೊತೆಯ ಹುಡುಗನಿಗೆ ಕನ್ನಡದಲ್ಲಿ ಅಂದರು: “ನಮ್ ಕಡಿ ಕಲ್ಲದ ನೋಡಲೇ.” ನಾನು ಯಾವೂರು ಅಂತ ಕೇಳಿದ್ದಕ್ಕೆ ಅವರು ನನ್ನ ಮುಖ ನೋಡಿ ನಕ್ಕರು. ಚಿತ್ತಾಪುರದ ಕಡೆಯವರು. ಅಪ್ಪ ಕಲ್ಲಿನ ಖಣಿಯಲ್ಲಿ ದುಡಿದವರಂತೆ.

ರೇಟು ಕೇಳುವ ಮೊದಲೇ ಅವರು ತಮ್ಮ ಕೆಲಸವನ್ನು ಕಡಿಮೆ ಮಾಡಿಕೊಂಡರು. “ಸಾಹೇಬ್ರ, ಬಾಲ್ಕನಿಗಿ ಮಷಿನ್ ಹಾಕಬ್ಯಾಡ್ರಿ. ಹೊಳಪು ಬಂದ್ರ ಮಳ್ಯಾಗ ಜಾರತದ. ಸೋಪಿನ ನೀರು ಹಾಕಿ ಬ್ರಶ್‌ಲೇ ತಿಕ್ಕಿ, ಸಂದಿಗಿ ಸಿಮೆಂಟ್ ತುಂಬಿದ್ರ ಸಾಕ್ರಿ.” ಇಂಥ ಮಾತು ಆ್ಯಪಿನ ಎಸ್ಟಿಮೇಟಿನಲ್ಲಿ ಬರುವುದಿಲ್ಲ. ಅಲ್ಲಿ ಚದರಡಿ ಹೆಚ್ಚಿದಷ್ಟೂ ಬಿಲ್ಲು ಹೆಚ್ಚು.

ಮೊಸಾಯಿಕ್‌ಗೆ ಮಾತ್ರ ಮಷಿನ್ ಬೇಕು. ಅದಕ್ಕೆ ಹಾಕುವ ಕಾರ್ಬೊರಂಡಮ್ ಕಲ್ಲುಗಳಿಗೆ ನಂಬರ್ ಇರುತ್ತದೆ. ನಂಬರ್ ಏರಿದಷ್ಟೂ ನಯ. ಅವರು 80ರಿಂದ ಶುರು ಮಾಡಿ 120, 220, 320 ಅಂತ ಹೋದರು. ನಡುವಿನ ಒಂದು ನಂಬರ್ ಹಾರಿಸಿದರೆ ಆ ದಿನ ಯಾರಿಗೂ ಗೊತ್ತಾಗುವುದಿಲ್ಲ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೀರು ಕಾಣುತ್ತವೆ. ಆದ್ದರಿಂದ ಎಷ್ಟು ಕೈ, ಯಾವ ಯಾವ ನಂಬರ್ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಗೋಡೆಯಂಚಿನ ಪಟ್ಟಿ ಲೆಕ್ಕದಲ್ಲಿ ಸೇರಿದೆಯೋ ಬೇರೆಯೋ, ಅದನ್ನೂ ಕೇಳಿ. ಜಗಳ ಹುಟ್ಟುವುದು ಸಾಮಾನ್ಯವಾಗಿ ಅಲ್ಲೇ. ಉಜ್ಜುವಾಗ ಬರುವ ಬೂದು ರಾಡಿಯನ್ನು ಬಕೆಟ್ಟಿಗೆ ತುಂಬಿ ಹೊರಗೆ ಸಾಗಿಸಬೇಕು. ಬಾತ್‌ರೂಮಿನ ಜಾಲರಿಗೆ ಬಿಟ್ಟರೆ ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಮೊಸಾಯಿಕ್‌ಗೆ ಕೊನೆಯಲ್ಲಿ ಹಾಕುವ ಆಕ್ಸಾಲಿಕ್ ಪುಡಿಯೂ ಆ್ಯಸಿಡ್ಡೇ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಹುಡುಗನಿಗೆ ರಬ್ಬರ್ ಗ್ಲೌಸ್ ಕೊಟ್ಟೆ.

ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಅವರ ಮಷಿನ್ನಿನ ವೈರಿಗೆ ಪ್ಲಗ್ ಇರಲಿಲ್ಲ. ಎರಡು ಬರಿ ತಂತಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದು ರೂಢಿ. ಅರ್ತಿಂಗ್ ಇಲ್ಲ. ನೆಲದ ತುಂಬ ನೀರು, ಹುಡುಗ ಬರಿಗಾಲಲ್ಲಿ. ಏನಾದರೂ ಆದರೆ ಅವನ ಹಿಂದೆ ಯಾವ ಕಂಪನಿಯೂ ಇಲ್ಲ, ವಿಮೆಯೂ ಇಲ್ಲ. ಹಳೆಯ ಕಟ್ಟಡಗಳ ಬಹಳಷ್ಟು ಮನೆಗಳಲ್ಲಿ ಕರೆಂಟು ಸೋರಿದ ಕೂಡಲೇ ಬಂದ್ ಮಾಡುವ ಆರ್‌ಸಿಸಿಬಿ ಕೂಡ ಇರುವುದಿಲ್ಲ. ನಮ್ಮಲ್ಲಿ ಹಿಂದಿನ ವರ್ಷವೇ ಹಾಕಿಸಿದ್ದೆ, 30 ಮಿಲಿಆಂಪಿಯರಿನದು. ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಅಂಗಡಿಯಿಂದ ಮೂರು ಪಿನ್ನಿನ ಪ್ಲಗ್ಗೂ ಮೂರು ಎಳೆಯ ಹೊಸ ವೈರೂ ತಂದು, ಎಲೆಕ್ಟ್ರಿಶಿಯನ್‌ನಿಂದ ಮಷಿನ್ನಿಗೆ ಜೋಡಿಸಿಸುವ ತನಕ ಕೆಲಸ ಶುರು ಮಾಡಬೇಡಿ ಅಂದೆ.

“ಒಂದು ತಾಸು ಹಾಳಾಯ್ತಲ್ರಿ” ಅಂತ ಮಿಸ್ತ್ರಿ ಗೊಣಗಿದರು.

“ಆ ತಾಸಿಗೂ ಕೂಲಿ ಹಿಡೀರಿ” ಅಂದೆ. ಹಿಡಿದರು. ಎಲ್ಲ ಸೇರಿಯೂ ಆ್ಯಪಿನವರು ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು.

ಎರಡನೆಯ ದಿನ ಗೇಟಿನಲ್ಲಿ ಇನ್ನೊಂದು ರಗಳೆ. ಕೆಲಸದವರು ಲಿಫ್ಟ್ ಬಳಸಬಾರದು ಅಂತ ಸೆಕ್ಯೂರಿಟಿ ತಡೆದ. ಆ ಮಷಿನ್ ಎತ್ತಲು ಇಬ್ಬರು ಬೇಕು, ನಾವಿರುವುದು ನಾಲ್ಕನೇ ಮಹಡಿ. ಸೋಫಾಸೆಟ್ಟಿಗೆ ಇಲ್ಲದ ನಿಯಮ ಪಾಲಿಶ್ ಮಷಿನ್ನಿಗೆ ಯಾಕೆ ಅಂತ ಸೆಕ್ರೆಟರಿಗೆ ಫೋನ್ ಮಾಡಿದೆ. ಅವರಿಗೂ ಉತ್ತರ ಹೊಳೆಯಲಿಲ್ಲ, ಬಿಟ್ಟರು.

ಈಗ ಕೆಳಗಿನ ಮಹಡಿಯವರು ಮಿಸ್ತ್ರಿಯ ನಂಬರ್ ಇಸಕೊಂಡಿದ್ದಾರೆ. ಆ್ಯಸಿಡ್ ತಿಂದ ಕಲ್ಲನ್ನು ಉಜ್ಜಿ ಸರಿಮಾಡಬಹುದೋ, ಕಿತ್ತು ಬೇರೆ ಹಾಕಬೇಕೋ, ಭಾನುವಾರ ಬಂದು ನೋಡಿ ಹೇಳುತ್ತಾರಂತೆ. ಅವರ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ. ಶನಿವಾರಕ್ಕೆ ಎಲೆಕ್ಟ್ರಿಶಿಯನ್‌ಗೆ ಹೇಳಿಟ್ಟಿದ್ದೇನೆ.