ಪಂಪು ಕಾಲುವ್ಯಾಗ ತೊಳಿಬ್ಯಾಡ್ರಿ!

ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ರೈತ ಬಾಂಧವರೇ, ನಾಟಿಗೆ ಕಳೆಗೆ ಹೋಗುವ ಅಕ್ಕ-ತಂಗಿಯರೇ, ಗೊಬ್ಬರದ ಅಂಗಡಿ ಮಾಲೀಕರೇ,

ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ಮೇಲೆ ನಾವು ಮಾಡುವ ಮೊದಲ ಕೆಲಸ ಯಾವುದು? ಬೆನ್ನಿನ ಪಂಪು ಇಳಿಸಿ ಕಾಲುವೆಗೆ ಅದ್ದುವುದು. ಕೈಕಾಲು, ಬಕೆಟ್ಟು ತೊಳೆಯುವುದೂ ಅಲ್ಲೇ. ಖಾಲಿ ಡಬ್ಬಿ ಬದುವಿನ ಮೇಲೆ. ತುಂಗಭದ್ರಾ ಎಡದಂಡೆ ನಾಲೆಯ ಇದೇ ನೀರು ಮುಂದೆ ಊರೂರಿನ ಕುಡಿಯುವ ನೀರಿನ ಕೆರೆ ಸೇರುತ್ತದೆ. ನಾವು ತೊಳೆದದ್ದನ್ನು ಕೆಳಗಿನವರು ಕುಡಿಯುತ್ತಾರೆ. ನಮಗಿಂತ ಮೇಲಿನವರೂ ತೊಳೆಯುತ್ತಾರೆ ಎಂಬುದು ನೆನಪಿರಲಿ.

ಗದ್ದೆಯಿಂದ ಬಸಿದ ನೀರು ಹಳ್ಳಕ್ಕಿಳಿಯುತ್ತದೆ. ಸೈಪರ್‌ಮೆಥ್ರಿನ್ ಜಾತಿಯ ಔಷಧಿ ತುಸು ಬೆರೆತರೂ ಸಾಕು, ಮೀನು ಸಾಯುತ್ತದೆ. ಕ್ಲೋರೋಪೈರಿಫಾಸ್‌ನಂಥವು ಹುಳದ ನರ ಕೆಡಿಸುವ ಹಾಗೆಯೇ ಹೊಡೆಯುವವನ ನರವನ್ನೂ ಕೆಡಿಸುತ್ತವೆ. ತಲೆಸುತ್ತು, ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ನಾವು ಬಿಸಿಲಿಗೆ ಹಂಗಾತು ಎಂದು ಮಜ್ಜಿಗೆ ಕುಡಿದು ಮಲಗುತ್ತೇವೆ!

ಇಷ್ಟೆಲ್ಲ ಮಾಡಿ, ಯಾವುದಕ್ಕೆ ಎಣ್ಣೆ ಹೊಡೆದೆವೋ ಆ ಜಿಗಿಹುಳು ಹೋಯಿತೇ? ಇಲ್ಲ. ಅದು ಮೊಟ್ಟೆ ಇಡುವುದು ಭತ್ತದ ಎಲೆಗವಚದೊಳಗೆ. ಅಲ್ಲಿಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಸಾಯುವುದು ಗದ್ದೆಯ ಜೇಡ. ಒಂದು ತೋಳಜೇಡ ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ, ಕೂಲಿ ಕೇಳುವುದಿಲ್ಲ. ಕಾವಲುಗಾರನನ್ನು ನಾವೇ ಕೊಂದ ಮೇಲೆ ಮೊಟ್ಟೆಯೊಡೆದ ಮರಿಗಳಿಗೆ ಹಬ್ಬ. ಆಗ ಮತ್ತೊಂದು ಡಬ್ಬಿ, ಮತ್ತಷ್ಟು ಸಾಲ. ಇಂಡೋನೇಷ್ಯಾ ಇದೇ ಪೆಟ್ಟು ತಿಂದು 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಅಲ್ಲಿನ ಇಳುವರಿ ಕುಸಿಯಲಿಲ್ಲ.

ಅಶೋಕನ ಹೆಸರಿರುವ ಶಾಸನ 1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕಿತೆಂದು ಹೆಮ್ಮೆ ಪಡುತ್ತೇವೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ತನ್ನ ಸ್ತಂಭಶಾಸನದಲ್ಲಿ ಬರೆಸಿದ ದೊರೆ ಅವನು. ನಾವೋ ಹಳ್ಳದ ಮೀನು, ಗದ್ದೆಯ ಜೇಡವನ್ನು ಕೊಲ್ಲುತ್ತಿದ್ದೇವೆ.

ಈ ಹಂಗಾಮಿನಿಂದಲೇ ಹೀಗೆ ಮಾಡೋಣ. ಎಣ್ಣೆ ತರುವ ಮೊದಲು ಬುಡ ತಟ್ಟಿ ಹುಳ ಎಣಿಸಿ. ಬುಡಕ್ಕೆ 5–10 ದಾಟದಿದ್ದರೆ ಪಂಪು ಮನೆಯಲ್ಲೇ ಇರಲಿ. ನಾಟಿಯಲ್ಲಿ ಎಂಟು-ಹತ್ತು ಸಾಲಿಗೊಮ್ಮೆ ಒಂದಡಿ ಹಾದಿ ಬಿಡಿ, ಗಾಳಿ ಬೆಳಕು ಆಡಲಿ. ಯೂರಿಯಾ ಸುರಿಯಬೇಡಿ, ಹುಳಕ್ಕೆ ಅದೇ ಮೇವು. ಹೊಡೆಯಲೇಬೇಕಾದರೆ ಪಂಪು ತೊಳೆದ ನೀರನ್ನು ನಿಮ್ಮ ಹೊಲದಲ್ಲೇ, ಕಾಲುವೆ-ಬಾವಿಯಿಂದ ದೂರ ಚೆಲ್ಲಿ. ಡಬ್ಬಿ ಒಡೆದು ಊರಾಚೆ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಖಾಲಿ ಡಬ್ಬಿಯಲ್ಲಿ ನೀರು, ಸೀಮೆಎಣ್ಣೆ ತುಂಬಬೇಡಿ. ಫೋರೇಟ್, ಟ್ರೈಜೋಫಾಸ್ 2020ರ ಕೊನೆಗೇ ನಿಷೇಧವಾಗಿವೆ. ಯಾರಾದರೂ ಕೊಟ್ಟರೆ ಬಿಲ್ ಕೇಳಿ, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಪಂಪು ತೊಳೆಯಲು ಕಾಲುವೆಯಿಂದ ದೂರ ಒಂದು ಜಾಗ, ಡಬ್ಬಿಗೆ ಒಂದು ಗುಂಡಿ: ಈ ಎರಡು ಠರಾವು ಬರೆಸದೆ ಏಳಬೇಡಿ.

— ಮಸ್ಕಿ ಹಳ್ಳದ ದಂಡೆಯ ಭತ್ತದ ರೈತರು