ಆ್ಯಪ್ ತೆರೆದು ನೋಡದೆ ಅಂಕ ಹಾಕಿದ್ದು ಹೇಗೆ?



ಕಳೆದ ಗುರುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ, ನಾನು ಓದಿದ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದ ವರದಿ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಮಕ್ಕಳು ಉದ್ಯಮಕ್ಕೆ ಸಜ್ಜಾಗಿದ್ದಾರೆ ಎಂದು ವೇದಿಕೆಯಲ್ಲಿದ್ದವರು ಹೇಳಿದ್ದನ್ನೇ ನೀವು ತಲೆಬರಹ ಮಾಡಿದ್ದೀರಿ. ಅದೇ ಕಾಲೇಜಿನ ವೈವಾದಲ್ಲಿ, ಅದೇ ವಾರ, ನನ್ನ ತಮ್ಮನಿಗೆ ಆದ ಅನ್ಯಾಯ ನಿಮ್ಮ ವರದಿಗಾರರ ಕಿವಿಗೆ ಬಿದ್ದಿಲ್ಲ.

ತಮ್ಮ ಬಿಸಿಎ ಕೊನೆಯ ಸೆಮಿಸ್ಟರ್‌ನಲ್ಲಿದ್ದಾನೆ. ಊರಲ್ಲಿ ನಮ್ಮವ್ವ ಡೇರಿಗೆ ಹಾಲು ಹಾಕುತ್ತಾಳೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಎಷ್ಟು, ದರ ಎಷ್ಟು ಬಿತ್ತು, ಎಲ್ಲವೂ ಒಂದು ಸಣ್ಣ ಚೀಟಿಯಲ್ಲಿ. ಚೀಟಿ ಕಳೆದರೆ ಬಟವಾಡೆ ದಿನ ಲೆಕ್ಕ ಕೇಳಲು ಬಾಯಿಲ್ಲ. ಈ ತಾಪತ್ರಯ ಕಂಡೇ ಬೆಳೆದ ಹುಡುಗ, ಆ ಲೆಕ್ಕವನ್ನು ಫೋನಿನಲ್ಲಿ ಬರೆದಿಡುವ ಆ್ಯಪ್ ಮಾಡಿದ. ಪೂರ್ತಿ ಕನ್ನಡದಲ್ಲಿದೆ. ಲೆಕ್ಕವೆಲ್ಲ ಫೋನಿನೊಳಗಿನ ಡೇಟಾಬೇಸ್‌ನಲ್ಲೇ ಉಳಿಯುವುದರಿಂದ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಫ್ಯಾಟ್ 4.1 ಎನ್ನುವ ಕಡೆ ತಪ್ಪಿ 41 ಎಂದು ಒತ್ತಿದರೆ ತೆಗೆದುಕೊಳ್ಳುವುದಿಲ್ಲ, ಮತ್ತೆ ಕೇಳುತ್ತದೆ. ಬಿಸಿಲಲ್ಲಿ ಅವ್ವನ ಕಣ್ಣಿಗೆ ಕಾಣಲಿ ಎಂದು ಅಂಕಿಗಳನ್ನು ದಪ್ಪ ಮಾಡಿದ್ದಾನೆ. ನಾನು ಬೆಂಗಳೂರಿನಲ್ಲಿ ಇದೇ ಆ್ಯಪ್ ಕೆಲಸ ಮಾಡಿ ಅನ್ನ ತಿನ್ನುವವಳು. ಇಂಥ ಕೆಲಸ ಹಿಡಿದುಕೊಂಡು ಸಂದರ್ಶನಕ್ಕೆ ಬಂದವರನ್ನು ನಾವು ಬಿಟ್ಟುಕೊಡುವುದಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಆ್ಯಪ್ ತೆರೆದು ನೋಡಲೇ ಇಲ್ಲ. ಪ್ರಾಜೆಕ್ಟಿಗೆ ಆಧಾರವಾದ ಸಂಶೋಧನಾ ಲೇಖನ, ಅಂದರೆ ಬೇಸ್ ಪೇಪರ್ ಎಲ್ಲಿ ಎಂದರು. ಕನ್ನಡದಲ್ಲಿ ಯಾಕೆ ಮಾಡಿದೆ ಎಂದರು. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಜಾವಾ ಭಾಷೆ ಇರುವಾಗ ಕೋಟ್ಲಿನ್‌ನಲ್ಲಿ ಬರೆಯಲು ನಿನಗೆ ಹೇಳಿದವರು ಯಾರು ಎಂದರು. ರಿಪೋರ್ಟಿನ ಬೈಂಡಿಂಗ್ ತಿರುವಿ ನೋಡಿ ಪಾಸಾಗುವಷ್ಟು ಅಂಕ ಹಾಕಿ ಎದ್ದರು. ನೀವು ಫೋಟೊ ಹಾಕಿದ ಬಹುಮಾನದ ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದದ್ದೆಂದು ಇಡೀ ತರಗತಿಯೇ ಹೇಳುತ್ತದೆ. ಕೋಡು, ರಿಪೋರ್ಟು, ಪಿಪಿಟಿ ಮೂರನ್ನೂ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಕೊಡುವ ಪ್ರಾಜೆಕ್ಟ್ ಸೆಂಟರ್‌ಗಳ ವಿಷಯ ನಿಮಗೆ ಹೊಸದೇನಲ್ಲ, ನಿಮ್ಮಲ್ಲೇ ಅವುಗಳ ಜಾಹೀರಾತುಗಳು ಬರುತ್ತವೆ.

ಕೋಟ್ಲಿನ್ ಬಳಸಿದ್ದು ತಪ್ಪಂತೆ. ಗೂಗಲ್ 2017ರಲ್ಲೇ ಆ ಭಾಷೆಯನ್ನು ಆಂಡ್ರಾಯ್ಡ್‌ಗೆ ಅಧಿಕೃತವಾಗಿ ಒಪ್ಪಿಕೊಂಡಿತು. 2019ರಲ್ಲಿ ಇನ್ನು ಮುಂದೆ ಕೋಟ್ಲಿನ್‌ಗೇ ಮೊದಲ ಮಣೆ ಎಂದು ಸಾರಿತು. ಈ ಮಕ್ಕಳ ಮ್ಯಾನ್ಯುಯಲ್‌ನಲ್ಲಿ ಮಾತ್ರ ಇನ್ನೂ ಅಸಿಂಕ್‌ಟಾಸ್ಕ್ ಕೂತಿದೆ. ಹಿನ್ನೆಲೆಯಲ್ಲಿ ಕೆಲಸ ನಡೆಸುವ ಹಳೆಯ ವಿಧಾನವದು. ಕೆಲಸ ಅರ್ಧದಲ್ಲಿರುವಾಗ ಫೋನನ್ನು ಅಡ್ಡ ತಿರುಗಿಸಿದರೆ ಸಾಕು, ಆ್ಯಪ್ ಕುಸಿದು ಬೀಳಬಹುದು. ಇದನ್ನು ಬಿಟ್ಟುಬಿಡಿ ಎಂದು ಗೂಗಲ್ 2020ರಲ್ಲಿ ಆಂಡ್ರಾಯ್ಡ್ 11 ಬಂದಾಗಲೇ ಹೇಳಿದೆ. ಬಿಡಬೇಕಾದ್ದನ್ನು ಬಿಟ್ಟ ಹುಡುಗನಿಗೆ ಅಂಕ ಕಡಿತ. ಪರದೆ ಕಟ್ಟಲು 2021ರಿಂದ ಬಳಕೆಗೆ ಬಂದಿರುವ ಜೆಟ್‌ಪ್ಯಾಕ್ ಕಂಪೋಸ್‌ನ ಹೆಸರಂತೂ ಆ ಮ್ಯಾನ್ಯುಯಲ್‌ನಲ್ಲಿ ಎಲ್ಲೂ ಇಲ್ಲ.

ಇನ್ನು ಪ್ರಾಕ್ಟಿಕಲ್ ಪರೀಕ್ಷೆಯ ಕಥೆ. ಅದನ್ನೂ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಚೀಟಿ ಎತ್ತಿ, ಬಂದ ಪ್ರೋಗ್ರಾಂ ಅನ್ನು ಮೊದಲು ಉತ್ತರ ಪತ್ರಿಕೆಯಲ್ಲಿ ಪೆನ್ನಿನಿಂದ ಬರೆಯಬೇಕು. ಗುಂಡಿಯ ಅಗಲ, ಎತ್ತರ, ಸುತ್ತ ಬಿಡುವ ಜಾಗ ಇವನ್ನೆಲ್ಲ ಹೇಳುವ ಎಕ್ಸ್‌ಎಂಎಲ್ ಸಾಲುಗಳನ್ನೂ ಬಾಯಿಪಾಠ ಮಾಡಬೇಕು. ಎರಡಕ್ಷರ ಒತ್ತಿದರೆ ಆ್ಯಪ್ ಬರೆಯುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೊ ತಾನೇ ತುಂಬಿಕೊಡುವ ಸಾಲುಗಳವು! ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ನೋಡಬೇಕಿದ್ದರೆ ಕೈಗೆ ಹಿಟ್ಟು ಕೊಡುತ್ತಾರೋ, ಪೆನ್ನು ಕೊಡುತ್ತಾರೋ? ಬರೆದಾದ ಮೇಲೆ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಆಂಡ್ರಾಯ್ಡ್ ಸ್ಟುಡಿಯೊಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಇರುವುದು 4. ಕಂಪ್ಯೂಟರ್‌ನಲ್ಲೇ ಫೋನಿನಂತೆ ನಡೆಯುವ ಎಮ್ಯುಲೇಟರ್ ಏಳುವಷ್ಟರಲ್ಲಿ ಪರೀಕ್ಷೆಯ ಹೊತ್ತೇ ಮುಗಿದಿರುತ್ತದೆ. ಕೇಬಲ್ ಹಾಕಿ ನಮ್ಮ ಫೋನಿನಲ್ಲೇ ಓಡಿಸಿ ತೋರಿಸುತ್ತೇವೆ ಎಂದು ಮಕ್ಕಳು ಕೇಳಿದರೆ, ಪರೀಕ್ಷಾ ಕೊಠಡಿಗೆ ಮೊಬೈಲ್ ತರುವಂತಿಲ್ಲ ಎಂಬ ಉತ್ತರ. ಪರೀಕ್ಷೆ ಇರುವುದೇ ಮೊಬೈಲ್ ಆ್ಯಪ್ ವಿಷಯದ್ದು, ಸ್ವಾಮಿ.

ಕಲಿಸಲು ಮಾದರಿಗಳಿಲ್ಲ ಎನ್ನುವಂತೆಯೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಐಫೋನ್ ಆ್ಯಪ್ ತರಗತಿಯ ಪಾಠಗಳನ್ನು 2009ರಲ್ಲೇ ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟಿತು. ಅಷ್ಟು ದೂರ ಹೋಗುವುದೇ ಬೇಡ. 2022ರಲ್ಲಿ ಬೆಂಗಳೂರಿನ ಆಟೊ ಚಾಲಕರಿಗಾಗಿ ಶುರುವಾದ ನಮ್ಮ ಯಾತ್ರಿ ಆ್ಯಪಿನ ಕೋಡ್ ಯಾರು ಬೇಕಾದರೂ ಓದುವಂತೆ ಬಹಿರಂಗವಾಗಿದೆ. ನಮ್ಮ ನೆಲದಲ್ಲೇ ಹುಟ್ಟಿ ಬೀದಿಯಲ್ಲಿ ಓಡುತ್ತಿರುವ ಆ್ಯಪ್ ಅದು. ಅದರಲ್ಲಿ ನಾಲ್ಕು ಕಡತ ಬಿಚ್ಚಿ ತರಗತಿಯಲ್ಲಿ ಓದಿಸಿದ್ದರೂ ನಮ್ಮ ಮಕ್ಕಳು ಎಷ್ಟೋ ಕಲಿಯುತ್ತಿದ್ದರು. ಮಾಡಿದ ಆ್ಯಪನ್ನು ಜನರ ಕೈಗೆ ಮುಟ್ಟಿಸುವುದು ಹೇಗೆಂದೂ ಯಾರೂ ಕಲಿಸುವುದಿಲ್ಲ. ಪ್ಲೇ ಸ್ಟೋರ್ ಖಾತೆಗೆ ಒಮ್ಮೆ ಕಟ್ಟುವ ಶುಲ್ಕ 25 ಡಾಲರ್. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಮೊದಲು 12 ಮಂದಿಯಿಂದ ಸತತ 14 ದಿನ ಆ್ಯಪ್ ಪರೀಕ್ಷೆ ಮಾಡಿಸಬೇಕು. ತುಂಬಿದ ತರಗತಿಯಲ್ಲಿ 12 ಮಂದಿ ಸಿಗುವುದಿಲ್ಲವೇ? ಬಳಸಿ ನೋಡಿದ ಗೆಳೆಯ ಇದು ಕೆಲಸ ಮಾಡುತ್ತಿಲ್ಲ ಎಂದು ಮುಖಕ್ಕೇ ಹೇಳಿದಾಗ ಕಲಿಯುವಷ್ಟನ್ನು ಯಾವ ಲ್ಯಾಬ್ ರೆಕಾರ್ಡೂ ಕಲಿಸುವುದಿಲ್ಲ.

ಪಠ್ಯ ಬದಲಿಸಬೇಕಾದರೆ ಅಧ್ಯಯನ ಮಂಡಳಿ ಕೂಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂದು ವಿಭಾಗದ ಮುಖ್ಯಸ್ಥರು ತಮ್ಮನಿಗೆ ಹೇಳಿ ಕಳಿಸಿದ್ದಾರೆ. ಕೂಡಲಿ, ಯಾರು ಬೇಡ ಎಂದರು? ಆದರೆ ಎದುರಿಗಿದ್ದ ಫೋನನ್ನು ಕೈಗೆತ್ತಿಕೊಂಡು ಆ್ಯಪ್ ತೆರೆದು ನೋಡಲು ಯಾವ ಮಂಡಳಿಯ ಒಪ್ಪಿಗೆ ಬೇಕಿತ್ತು? ತನ್ನ ಕೋಡ್ ತಾನೇ ಬರೆದಿದ್ದಾನೋ ಇಲ್ಲವೋ ತಿಳಿಯಲು ಒಂದೇ ಮಾತು ಸಾಕಿತ್ತು: ಈ ಸಾಲು ಬದಲಿಸಿ ಓಡಿಸಿ ತೋರಿಸಪ್ಪ. ಹಾಗೆ ಕೇಳಿದ್ದರೆ ಬಹುಮಾನದ ಪ್ರಾಜೆಕ್ಟಿನ ಬಣ್ಣವೂ ಬಯಲಾಗುತ್ತಿತ್ತು.

ತಮ್ಮನ ಪ್ರಾಜೆಕ್ಟನ್ನು ಬೇರೆ ಪರೀಕ್ಷಕರಿಂದ ಮತ್ತೆ ನೋಡಿಸಬೇಕೆಂದು ಕಾಲೇಜಿಗೆ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಮುಂದಿನ ಪ್ರಾಕ್ಟಿಕಲ್ ವೇಳಾಪಟ್ಟಿ ಹೊರಬೀಳುವ ಮೊದಲು ವಿಶ್ವವಿದ್ಯಾಲಯದವರು ನಿಮ್ಮ ಇದೇ ಅಂಕಣದಲ್ಲಿ ತಿಳಿಸಲಿ: ವಿದ್ಯಾರ್ಥಿ ತಾನು ಮಾಡಿದ ಆ್ಯಪನ್ನು ತನ್ನ ಫೋನಿನಲ್ಲಿ ತೋರಿಸಬಹುದೋ, ಇಲ್ಲವೋ? ಕನ್ನಡದಲ್ಲಿ ಮಾಡಿದರೆ ಅಂಕ ಕಡಿಯುವ ನಿಯಮವೇನಾದರೂ ಇದ್ದರೆ ಅದನ್ನೂ ಪ್ರಕಟಿಸಲಿ.

ಇಂತಿ,
ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ
ದಾವಣಗೆರೆ ಜಿಲ್ಲೆ