ಲಾಭವಿಲ್ಲದ ಮಾತ್ರೆ



ನನ್ನ ರುಮಟಾಯ್ಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಜೊತೆ, ಡಾಕ್ಟರ್ ಒಪ್ಪಿಗೆಯಿಂದಲೇ, ಮೂರು ತಿಂಗಳಿಂದ ನಾಲ್ಟ್ರೆಕ್ಸೋನ್ ತಗೊಳ್ತಿದೀನಿ. ಕುಡಿತ, ಅಫೀಮಿನ ಚಟ ಬಿಡಿಸೋಕೆ 50 ಮಿಲಿಗ್ರಾಂ ಕೊಡ್ತಾರೆ; ನನ್ನದು ಬರೀ 4.5. ಬೆಳಗಿನ ಹೊತ್ತು ಬೆರಳು ಬಿಗಿಯೋದು ಕಮ್ಮಿ ಅನ್ಸುತ್ತೆ. ಆದರೆ ನನ್ನೊಬ್ಬಳ ಅನುಭವ ಪುರಾವೆಯಲ್ಲ. ಕಾಯಿಲೆಯನ್ನು ‘ಪೂರ್ವಜನ್ಮದ ಕರ್ಮ’ ಅಂದವರ ಹತ್ತಿರ ಪುರಾವೆ ಕೇಳಿದವಳು ನಾನು, ಮಾತ್ರೆಗೂ ಕೇಳ್ತೀನಿ.

ಈ ಕಾಯಿಲೆಗೆ ಇದರ ದೊಡ್ಡ ಪ್ರಯೋಗ ಯಾಕೆ ನಡೆದಿಲ್ಲ? ಪೇಟೆಂಟ್ ಮುಗಿದ ಹಳೇ ಔಷಧಿಯಲ್ಲಿ ಕಂಪನಿಗಳಿಗೆ ಲಾಭವಿಲ್ಲ. ಬಯೋಲಾಜಿಕ್ ಇಂಜೆಕ್ಷನ್ ಗುಮಾಸ್ತೆಯ ಸಂಬಳಕ್ಕೇ ಎಟುಕಲ್ಲ, ಕೂಲಿಯವರ ಪಾಡೇನು? ನಮ್ಮ ತೆರಿಗೆಯಿಂದ ನಡೆಯೋ ಐಸಿಎಂಆರ್ ಪರೀಕ್ಷೆ ಮಾಡಲಿ. ಕೆಲಸ ಮಾಡಿದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡಲಿ, ಇಲ್ಲಾಂದ್ರೆ ಇಲ್ಲ ಅಂತ ಹೇಳಲಿ. ಎರಡೂ ನಮ್ಮ ಹಕ್ಕು.

ಇದನ್ನೋದಿ ಯಾರೂ ಈಗಿರೋ ಮಾತ್ರೆ ನಿಲ್ಲಿಸಬೇಡಿ. ನೋವಿಗೆ ಟ್ರಮಡಾಲ್ ತಗೊಳ್ಳೋರಿಗೆ ಇದು ಆಗಿಬರಲ್ಲ.